ಎರಡನೆಯ ಚುಚ್ಚುಮದ್ದು ಯಾವಾಗ? ಹುಬ್ಬಳ್ಳಿ 1898ರಿಂದ ಪೆಟಾಲಿಂಗ್ ಜಯಾ 2021ರವರೆಗೆ

ಸಂಘದ ಸ್ಥಾಪನಾ ದಿನದ ಸ್ಮರಣ ಸಂಚಿಕೆಗೆ ಆರೋಗ್ಯದ ಕುರಿತು ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಿತ್ರರು ಕೇಳಿದಾಗ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಬಗ್ಗೆ ನಾಲ್ಕು ಹಿತವಚನ ಬರೆದು ಕೈತೊಳೆದುಕೊಳ್ಳಬಹುದೆಂದು ಎಣಿಸಿದ್ದೆ. ಆದರೆ ಯುಗಾದಿಯ ಊಟದ ಪಂಕ್ತಿಯಲ್ಲಿ, ರಾಜ್ಯೋತ್ಸವದ ಕಾರ್ಯಕ್ರಮದ ಬಿಡುವಿನಲ್ಲಿ ನಮ್ಮವರು ಇಂದಿಗೂ ನನ್ನನ್ನು ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆಗಳೇ ಬೇರೆ. “ಡಾಕ್ಟರೇ, ಇಲ್ಲಿ ನಮಗೆ ಮೂರು ವಾರಕ್ಕೆ ಎರಡನೇ ಡೋಸ್ ಕೊಟ್ಟರು, ಊರಿನಲ್ಲಿ ಅಪ್ಪನನ್ನು ಮೂರು ತಿಂಗಳು ಕಾಯಿಸಿದರು. ಯಾವುದು ಸರಿ?” “ಕೋವಿಡ್ ಬಂದು ಹೋದ ಮೇಲೆ ಮೈ ಮೊದಲಿನ ಹಾಗೆ ಆಗಲೇ ಇಲ್ಲ. ಇದು ರೋಗದ ಫಲವೋ, ಲಸಿಕೆಯ ಫಲವೋ?”

ರೋಗದ ಭಯ ಇಳಿದು ಎಷ್ಟೋ ಕಾಲವಾದರೂ ಈ ಪ್ರಶ್ನೆಗಳು ಇಳಿದಿಲ್ಲ. ಇವು ಹೊಸ ಪ್ರಶ್ನೆಗಳೂ ಅಲ್ಲ. ನೂರಿಪ್ಪತ್ತು ವರ್ಷಗಳಿಗೂ ಹಿಂದೆ ನಮ್ಮ ಹುಬ್ಬಳ್ಳಿಯ ಓಣಿಗಳಲ್ಲಿ ಜನ ಇವನ್ನೇ ಕೇಳಿದ್ದರು. ಆ ಕಥೆ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಎಂಬಿಬಿಎಸ್ ಓದುವಾಗ ನನಗೂ ಅದು ಪರೀಕ್ಷೆಯ ಎರಡು ಅಂಕದ ಪ್ರಶ್ನೆಗಿಂತ ಹೆಚ್ಚೇನೂ ಆಗಿರಲಿಲ್ಲ. ಅದರ ಅರ್ಥ ತಿಳಿದದ್ದು 2021ರಲ್ಲಿ, ಅವ್ವ ಫೋನ್ ಮಾಡಿದಾಗ.

ಅವ್ವನ ಚೀಟಿ

ಭಾರತದಲ್ಲಿ 2021ರ ಜನವರಿ 16ರಂದು ಲಸಿಕೆ ಆರಂಭವಾಯಿತು. ಮಾರ್ಚ್ 1ರಿಂದ ಅರವತ್ತು ದಾಟಿದವರ ಸರದಿ ಬಂದಿತು. ಹುಬ್ಬಳ್ಳಿಯಲ್ಲಿದ್ದ ಅವ್ವ ಮಾರ್ಚ್ ಎರಡನೆಯ ವಾರದಲ್ಲಿ ಕೋವಿಶೀಲ್ಡ್‌ನ ಮೊದಲ ಡೋಸ್ ಹಾಕಿಸಿಕೊಂಡಳು. ಆಗಿನ ನಿಯಮದಂತೆ ಅಂತರ ನಾಲ್ಕರಿಂದ ಆರು ವಾರ. ಚೀಟಿಯ ಮೇಲೆ ಏಪ್ರಿಲ್ ತಿಂಗಳ ಒಂದು ತಾರೀಖು ಬರೆದುಕೊಟ್ಟರು. ಮಾರ್ಚ್ 22ರಂದು ಕೇಂದ್ರ ಸರಕಾರ ಅಂತರವನ್ನು ಆರರಿಂದ ಎಂಟು ವಾರಕ್ಕೆ ಏರಿಸಿತು. ಹಳೆಯ ತಾರೀಖು ಹೊಡೆದುಹಾಕಿ ಮೇ ತಿಂಗಳ ಆರಂಭದ ಇನ್ನೊಂದನ್ನು ಬರೆದರು. ಅಷ್ಟರಲ್ಲಿ ಎರಡನೆಯ ಅಲೆ ಅಪ್ಪಳಿಸಿತು. ಏಪ್ರಿಲ್ 27ರಿಂದ ಕರ್ನಾಟಕ ಬಾಗಿಲು ಹಾಕಿಕೊಂಡಿತು. ಲಸಿಕೆಯ ದಾಸ್ತಾನಿಗೂ ಬರ ಬಂತು. ಮೇ 13ರಂದು ಮೂರನೆಯ ಆಜ್ಞೆ: ಅಂತರ ಇನ್ನು ಹನ್ನೆರಡರಿಂದ ಹದಿನಾರು ವಾರ. ಚೀಟಿಯ ಮೇಲೆ ಮೂರನೆಯ ತಾರೀಖು, ಜೂನ್ ತಿಂಗಳದು.

“ನೀ ಡಾಕ್ಟರ್ ಅದಿ, ನೀನೇ ಹೇಳು,” ಎಂದಳು ಅವ್ವ. “ಇವರು ಸಾರಿ ಸಾರಿ ತಾರೀಖು ಬದಲಿ ಮಾಡ್ತಾರ. ಮದ್ದು ಇಲ್ಲಂತ ಕಾಯಿಸ್ತಾರೋ, ಕಾದರ ಚಲೋ ಅಂತ ಕಾಯಿಸ್ತಾರೋ? ನಮ್ಮ ಕಾಲದಾಗ ದೇವಿ ಹಾಕಿಸಿದರ ಮುಗೀತು. ಕಲೆ ನೋಡು, ಇನ್ನೂ ಐತಿ.”

ನಾನು ಫೆಬ್ರವರಿ 24ರಂದು ಮಲೇಷ್ಯಾದಲ್ಲಿ ಲಸಿಕೆ ಆರಂಭವಾದ ಮೇಲೆ ಆರೋಗ್ಯ ಸಿಬ್ಬಂದಿಯ ಸಾಲಿನಲ್ಲಿ ಫೈಜರ್ ಹಾಕಿಸಿಕೊಂಡಿದ್ದೆ. ಮೂರು ವಾರಕ್ಕೆ ಎರಡನೆಯದೂ ಆಗಿತ್ತು. ಪೆಟಾಲಿಂಗ್ ಜಯಾದ ಮನೆಯಲ್ಲಿ ಕುಳಿತು, ಗಡಿ ಮುಚ್ಚಿದ ದೇಶದಿಂದ, ಒಂದೇ ಡೋಸ್ ಆದ ತಾಯಿಗೆ “ಕಾಯಿ ಅವ್ವಾ, ಕಾದರ ಚಲೋನ” ಎಂದೆ. ಧ್ವನಿಯಲ್ಲಿ ಧೈರ್ಯವಿತ್ತು. ಆದರೆ ಅವಳ ಪ್ರಶ್ನೆಯ ಮೊದಲರ್ಧಕ್ಕೆ ನಾನು ಉತ್ತರ ಕೊಡಲಿಲ್ಲ. ಆಕೆಗೆ ಏನಾದರೂ ಆಗಿದ್ದರೆ ಹೋಗುವ ದಾರಿಯೂ ಇರಲಿಲ್ಲ. ಇಂಥ ಫೋನುಗಳು ಆ ಬೇಸಿಗೆಯಲ್ಲಿ ನಮ್ಮ ಎಷ್ಟು ಮನೆಗಳಿಗೆ ಬಂದವೋ ಓದುಗರಿಗೇ ಗೊತ್ತು.

ತೋಳಿನ ಮೇಲಿನ ಕಲೆ

ದೇವಿ ಹಾಕಿಸಿದರೆ ಮುಗಿಯಿತು ಎಂದು ಅವ್ವ ಹೇಳಿದ್ದು ಒಂದು ಪೀಳಿಗೆಯ ನಂಬಿಕೆ. ಎಡ್ವರ್ಡ್ ಜೆನ್ನರ್‌ನದೂ ಅದೇ ನಂಬಿಕೆಯಾಗಿತ್ತು. 1796ರ ಮೇ 14ರಂದು ಆತ ಎಂಟು ವರ್ಷದ ಹುಡುಗನೊಬ್ಬನಿಗೆ ಗೋಸಿಡುಬಿನ ಕೀವಿನಿಂದ ಲಸಿಕೆ ಹಾಕಿದ. ಒಮ್ಮೆ ಹಾಕಿಸಿಕೊಂಡರೆ ಜೀವನಪರ್ಯಂತ ರಕ್ಷಣೆ ಎಂದು ಸಾರಿದ. ವಿಯೆನ್ನಾದಿಂದ ಬಾಗ್ದಾದ್, ಬಸ್ರಾ ಮಾರ್ಗವಾಗಿ ತೋಳಿನಿಂದ ತೋಳಿಗೆ ದಾಟುತ್ತ ಬಂದ ಆ ಲಸಿಕೆ 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಒಂದು ಮಗುವಿಗೆ ತಾಗಿತು. ಭಾರತದ ಲಸಿಕೆಯ ಚರಿತ್ರೆ ಅಲ್ಲಿಂದ ಆರಂಭ.

ಕೆಲವೇ ವರ್ಷಗಳಲ್ಲಿ ಅದು ಮೈಸೂರನ್ನೂ ತಲುಪಿತು. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ರಾಣಿಯರ ಒಂದು ಚಿತ್ರ ಬರೆದಿದ್ದಾನೆ. ಅದರಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುತ್ತಿರುವಂತಿದೆ. ಅದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ತೋರಿಸುವ ಭಂಗಿ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅರ್ಥೈಸಿದ್ದಾರೆ. ಹಾಗಿದ್ದಲ್ಲಿ, ಜನರ ಅಂಜಿಕೆ ಕಳೆಯಲು ದೊಡ್ಡವರು ಮೊದಲು ತಾವು ತೋಳು ಒಡ್ಡುವ ಪದ್ಧತಿ ನಮ್ಮ ನಾಡಿಗೆ ಇನ್ನೂರು ವರ್ಷಗಳಿಗೂ ಹಳೆಯದು.

ಆದರೆ ಜೀವನಪರ್ಯಂತ ಎಂಬ ಮಾತು ನಿಲ್ಲಲಿಲ್ಲ. ಚಿಕ್ಕಂದಿನಲ್ಲಿ ಲಸಿಕೆ ಹಾಕಿಸಿಕೊಂಡವರಿಗೆ ದೊಡ್ಡವರಾದ ಮೇಲೆ ಸಿಡುಬು ಬರುವುದನ್ನು ವೈದ್ಯರು ಕಂಡರು. 1874ರ ಜರ್ಮನಿಯ ಕಾನೂನು ಎಳೆತನದಲ್ಲಿ ಒಮ್ಮೆ, ಹನ್ನೆರಡನೆಯ ವಯಸ್ಸಿನಲ್ಲಿ ಮತ್ತೊಮ್ಮೆ ಎಂದು ಎರಡು ಸಲ ಲಸಿಕೆಯನ್ನು ಕಡ್ಡಾಯ ಮಾಡಿತು. ಇಪ್ಪತ್ತನೆಯ ಶತಮಾನದಲ್ಲಿ ಹಡಗು, ವಿಮಾನ ಹತ್ತುವವರು ತೋರಿಸಬೇಕಾಗಿದ್ದ ಸಿಡುಬಿನ ಪ್ರಮಾಣಪತ್ರಕ್ಕೆ ಮೂರೇ ವರ್ಷಗಳ ಆಯುಷ್ಯವಿತ್ತು. ಜೆನ್ನರ್ ಸುಳ್ಳು ಹೇಳಿದನೇ? ಇಲ್ಲ. ತನಗೆ ಅಂದು ಕಂಡದ್ದನ್ನು ಹೇಳಿದ. ಇಪ್ಪತ್ತು ವರ್ಷದ ನಂತರ ಏನಾಗುವುದೆಂದು ತಿಳಿಯಲು ಇಪ್ಪತ್ತು ವರ್ಷಗಳೇ ಬೇಕು. ತಿದ್ದುಪಡಿಯಾದ ಆ ಲಸಿಕೆಯೇ ಕೊನೆಗೆ ಗೆದ್ದಿತು. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆ ಸಿಡುಬು ಭೂಮಿಯಿಂದ ನಿರ್ಮೂಲವಾಯಿತೆಂದು ಘೋಷಿಸಿತು.

ಹುಬ್ಬಳ್ಳಿ, 1898

ಇನ್ನು ನಮ್ಮೂರಿನ ಕಥೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಒಡೆಸ್ಸಾದಲ್ಲಿ ಹುಟ್ಟಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿದ ವಾಲ್ಡೆಮಾರ್ ಹಾಫ್ಕಿನ್ ಎಂಬ ವಿಜ್ಞಾನಿ ಆಗ ಭಾರತದಲ್ಲಿದ್ದ. ಆತ ಇದಕ್ಕೆ ಮೊದಲು ತಯಾರಿಸಿದ್ದ ಕಾಲರಾ ಲಸಿಕೆಯನ್ನು ಎರಡು ಕಂತಿನಲ್ಲಿ ಕೊಡುತ್ತಿದ್ದರು. ಮೊದಲು ದುರ್ಬಲ ಮದ್ದು, ಸುಮಾರು ಐದು ದಿನ ಬಿಟ್ಟು ಪ್ರಬಲ ಮದ್ದು. ಮುಂಬಯಿಯಲ್ಲಿ ಪ್ಲೇಗಿಗೂ ಲಸಿಕೆ ತಯಾರಿಸಿ 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡ. ಆ ನಂತರವೇ ಬೈಕುಲಾ ಜೈಲಿನ ಕೈದಿಗಳಲ್ಲಿ ಒಪ್ಪಿದವರಿಗೆ ಕೊಟ್ಟದ್ದು.

ಪ್ಲೇಗು ರೈಲುಹಾದಿ ಹಿಡಿದು ದಕ್ಷಿಣಕ್ಕೆ ಇಳಿಯಿತು. ಅಂದಿನ ಹುಬ್ಬಳ್ಳಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ ಊರು. ಹತ್ತಿಯ ಪೇಟೆ, ಸದರ್ನ್ ಮರಾಠಾ ರೈಲ್ವೆಯ ಕಾರ್ಖಾನೆ, ಸುಮಾರು ಐವತ್ತು ಸಾವಿರ ಜನ. ಇಲಿ ಬಿದ್ದ ಮನೆ ಬಿಟ್ಟು ಜನ ಊರ ಹೊರಗೆ ಗುಡಿಸಲು ಹಾಕಿಕೊಂಡರು. 1898ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಡಾಕ್ಟರ್ ಲ್ಯೂಮನ್ ಎಂಬವರ ಮುಂದಾಳುತನದಲ್ಲಿ ಅಲ್ಲಿ ಹಾಫ್ಕಿನ್ ಲಸಿಕೆ ಹಾಕಲಾಯಿತು. ಊರಿನ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಜನ ಹಾಕಿಸಿಕೊಂಡರು. ಇಡೀ ಊರು ಇಷ್ಟು ದೊಡ್ಡ ಪ್ರಮಾಣದಲ್ಲಿ ಪ್ಲೇಗು ಲಸಿಕೆ ಪಡೆದದ್ದು ಆ ಕಾಲಕ್ಕೆ ದೊಡ್ಡ ಸಂಗತಿ. ಹಾಕಿಸಿಕೊಳ್ಳದವರು, ಒಮ್ಮೆ ಹಾಕಿಸಿಕೊಂಡವರು, ಎರಡು ಸಲ ಹಾಕಿಸಿಕೊಂಡವರು ಎಂದು ಬೇರೆ ಬೇರೆ ಲೆಕ್ಕ ಇಟ್ಟರು. ಲಸಿಕೆ ಇಲ್ಲದವರಲ್ಲಿ ಸಾವು ಬಹಳ ಹೆಚ್ಚಾಗಿತ್ತು. ಹಾಫ್ಕಿನ್ ತನ್ನ ಲಸಿಕೆಯ ಪರವಾಗಿ ಜಗತ್ತಿನ ಮುಂದಿಟ್ಟ ಸಾಕ್ಷ್ಯಗಳಲ್ಲಿ ಹುಬ್ಬಳ್ಳಿಯದು ಮುಖ್ಯವಾದದ್ದು.

ಜನರಿಗೆ ಅಂಜಿಕೆ ಇರಲಿಲ್ಲವೇ? ಇತ್ತು, ಕಾರಣವೂ ಇತ್ತು. ಲಸಿಕೆಯ ನಂತರ ಜ್ವರ ಏರಿ, ತೋಳು ಬಾತು, ಒಂದೆರಡು ದಿನದ ಕೂಲಿ ತಪ್ಪುತ್ತಿತ್ತು. ಸೋಂಕು ಆಗಲೇ ಮೈಯೊಳಗೆ ಹೊಕ್ಕಿದ್ದವರು ಲಸಿಕೆ ಹಾಕಿಸಿಕೊಂಡ ಎರಡು ಮೂರು ದಿನಕ್ಕೇ ಹಾಸಿಗೆ ಹಿಡಿದಾಗ ಮದ್ದೇ ಕೊಂದಿತೆಂಬ ಮಾತು ಹುಟ್ಟುವುದು ಸಹಜ. ಮೇಲಾಗಿ ಸರಕಾರದ ಬಲವಂತ: ಮನೆ ಹೊಕ್ಕು ತಪಾಸಣೆ, ರೋಗಿಯನ್ನು ಎಳೆದೊಯ್ಯುವುದು, ಕುಟುಂಬವನ್ನು ಶಿಬಿರಕ್ಕೆ ಅಟ್ಟುವುದು. ಪುಣೆಯಲ್ಲಿ ಇದೇ ಸಿಟ್ಟಿನಿಂದ 1897ರ ಜೂನ್ 22ರಂದು ಪ್ಲೇಗು ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿತು. 1898ರಲ್ಲಿ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಪ್ಲೇಗು ನಿಯಮಗಳ ವಿರುದ್ಧ ಗಲಭೆಯಾಯಿತು. ಲಸಿಕೆ ಹಾಕಿಸಿಕೊಂಡವರಿಗೆ ಪ್ರತ್ಯೇಕವಾಸದ ಶಿಬಿರಗಳಿಂದ ವಿನಾಯಿತಿ ಕೊಡುವ ಪ್ರಮಾಣಪತ್ರವೂ ಆಗ ಬಂದಿತು. ಮೈಸೆಜಾತೆರಾ ತೋರಿಸದೆ ಅಂಗಡಿಯೊಳಗೆ ಕಾಲಿಡಲಾಗದ ದಿನಗಳನ್ನು ಕಂಡ ನಮಗೆ ಇದು ಹೊಸದೆನಿಸದು.

ಇದೇ ಹೊತ್ತಿಗೆ ಎಡಿನ್‌ಬರೋದ ಪ್ರಾಧ್ಯಾಪಕ ಫ್ರೇಸರ್ ಅವರ ಅಧ್ಯಕ್ಷತೆಯಲ್ಲಿ ಭಾರತೀಯ ಪ್ಲೇಗು ಆಯೋಗ ನೇಮಕವಾಯಿತು. ಆಯೋಗದ ತೀರ್ಮಾನಗಳನ್ನು ಓದಿದರೆ ಇಂದಿಗೂ ಗೌರವ ಮೂಡುತ್ತದೆ. ಲೆಕ್ಕಪತ್ರಗಳಲ್ಲಿ ದೋಷಗಳಿವೆ ಎಂದು ಮೊದಲೇ ಒಪ್ಪಿಕೊಂಡರು. ಲಸಿಕೆ ರೋಗವನ್ನೂ ಸಾವನ್ನೂ ನಿಶ್ಚಯವಾಗಿ ತಗ್ಗಿಸುತ್ತದೆ, ಆದರೆ ಪೂರ್ಣ ರಕ್ಷಣೆ ಕೊಡುವುದಿಲ್ಲ ಎಂದರು. ಹಾಕಿಸಿಕೊಂಡ ಮೊದಲ ಕೆಲವು ದಿನ ಹೆಚ್ಚಿನ ರಕ್ಷಣೆ ಇರದು ಎಂದರು. ರಕ್ಷಣೆ ಎಷ್ಟು ಕಾಲ? ಅನೇಕ ವಾರಗಳು ಖಂಡಿತ, ಕೆಲವು ತಿಂಗಳು ಇರಬಹುದು, ಅದಕ್ಕೂ ಮೀರಿ ಮುಂದಿನ ಅನುಭವವೇ ಹೇಳಬೇಕು. ತಿಳಿದದ್ದು, ತಿಳಿಯದ್ದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ ಮಾತು ಇದು. ನಾನು ಅವ್ವನಿಗೆ ಕೊಡಬೇಕಾಗಿದ್ದ ಉತ್ತರವೂ ಇಂಥದೇ.

ಒಂದು ಬಾಟಲಿಯ ದುರಂತ

ವಿಶ್ವಾಸ ಕಟ್ಟಲು ವರ್ಷಗಳು ಬೇಕು, ಕೆಡವಲು ಒಂದು ಬಾಟಲಿ ಸಾಕು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೊವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಪಡೆದವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಎಲ್ಲರಿಗೂ ಒಂದೇ ಬಾಟಲಿಯ ಮದ್ದು ಹೋಗಿತ್ತು. ತಯಾರಿಕೆಯಲ್ಲೇ ದೋಷವೆಂದು ಹಾಫ್ಕಿನ್‌ನನ್ನು ಹುದ್ದೆಯಿಂದ ದೂರವಿಟ್ಟರು. ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಸಹಾಯಕನ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿಗೊಳಿಸದೆ ಬಳಸಿದ್ದರು ಎಂಬುದು ವಿಚಾರಣೆಯಲ್ಲಿ ಹೊರಬಂದಿತ್ತು. ಆದರೂ ಆತನ ಮೇಲಿನ ಆರೋಪ ಕಳೆಯಲು 1907ರವರೆಗೆ ಕಾಯಬೇಕಾಯಿತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಲಂಡನ್ನಿನ ಪತ್ರಿಕೆಯಲ್ಲಿ ಆತನ ಪರ ದನಿ ಎತ್ತಿದರು. ಅಷ್ಟರಲ್ಲಿ ಎಷ್ಟು ಊರುಗಳು ಲಸಿಕೆಯಿಂದ ಹಿಂದೆ ಸರಿದಿದ್ದವೋ! ಆ ಹತ್ತೊಂಬತ್ತು ಸಾವುಗಳು ಸುಳ್ಳಲ್ಲ. ಆದರೆ ಅವುಗಳ ಕಾರಣ ಬೇಗ ತಿಳಿಯದೆ, ತಿಳಿದದ್ದನ್ನು ಬೇಗ ಹೇಳದೆ ಹೋದದ್ದರಿಂದ ಆದ ಹಾನಿಯೂ ಸಣ್ಣದಲ್ಲ.

ಒಂದೇ ಲಸಿಕೆ, ಎರಡು ಪಂಚಾಂಗ

ಈಗ 2021ಕ್ಕೆ ಮರಳೋಣ. ಕೋವಿಶೀಲ್ಡ್ ಮತ್ತು ಇಲ್ಲಿ ಆಸ್ಟ್ರಾಜೆನೆಕಾ ಎಂಬ ಹೆಸರಿನಲ್ಲಿ ಬಂದದ್ದು ಮೂಲದಲ್ಲಿ ಒಂದೇ ಲಸಿಕೆ. ಅದರ ಎರಡು ಡೋಸ್‌ಗಳ ಅಂತರ ಹೆಚ್ಚಿದಷ್ಟೂ ಫಲ ಹೆಚ್ಚೆಂದು 2021ರ ಫೆಬ್ರವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವರದಿ ತೋರಿಸಿತು. ಆರು ವಾರಕ್ಕಿಂತ ಕಡಿಮೆ ಅಂತರವಿದ್ದಾಗ ಪರಿಣಾಮ ಶೇಕಡಾ 55, ಹನ್ನೆರಡು ವಾರ ಅಥವಾ ಹೆಚ್ಚಿದ್ದಾಗ ಶೇಕಡಾ 81. ಇದು ನಮ್ಮ ಕಡೆಯ ಒಕ್ಕಲಿಗನಿಗೆ ಅರ್ಥವಾಗುವ ಮಾತು. ಬಿತ್ತಿದ ಮರುದಿನವೇ ಮತ್ತೆ ಮಳೆ ಹೊಯ್ದರೆ ಬೆಳೆಗೆ ಏನು ಲಾಭ? ಬೀಜ ಮೊಳೆತು ಬೇರೂರಿ ಹದ ಬಂದಾಗ ಬಿದ್ದ ಮಳೆಯೇ ಮಳೆ. ಮೊದಲ ಡೋಸ್‌ನಿಂದ ಎಚ್ಚೆತ್ತ ರೋಗನಿರೋಧಕ ಕಣಗಳು ಪಕ್ವವಾಗಲು ಕೆಲವು ವಾರಗಳು ಬೇಕು. ಪಕ್ವವಾದ ಮೇಲೆ ಬಂದ ಎರಡನೆಯ ಡೋಸ್ ಹೆಚ್ಚು ಬಲ ಕೊಡುತ್ತದೆ.

ಹಾಗಾದರೆ ಎಲ್ಲರೂ ಹನ್ನೆರಡು ವಾರ ಕಾಯಬೇಕಿತ್ತಲ್ಲ? ಇಲ್ಲಿಯೇ ತೊಡಕು. ಹದಕ್ಕೆ ಕಾಯುವಾಗ ಹೊಲಕ್ಕೆ ದನ ನುಗ್ಗಿದರೆ? ಡೆಲ್ಟಾ ತಳಿ ಬಂದ ಮೇಲೆ ಒಂದೇ ಡೋಸ್‌ನ ರಕ್ಷಣೆ ಬಹಳ ತಗ್ಗಿತು. ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ, ಲಕ್ಷಣಸಹಿತ ರೋಗದ ವಿರುದ್ಧ ಈ ಲಸಿಕೆಯ ಒಂದು ಡೋಸ್ ಶೇಕಡಾ 30ರಷ್ಟು, ಎರಡು ಡೋಸ್ ಶೇಕಡಾ 67ರಷ್ಟು ರಕ್ಷಣೆ ಕೊಟ್ಟವು. ಆದ್ದರಿಂದ 2021ರ ಮೇ 13ರಂದು ಭಾರತ ಅಂತರವನ್ನು ಹಿಗ್ಗಿಸಿದರೆ, ಮರುದಿನವೇ, ಮೇ 14ರಂದು, ಬ್ರಿಟನ್ ಐವತ್ತು ದಾಟಿದವರಿಗೆ ಹನ್ನೆರಡರಿಂದ ಎಂಟು ವಾರಕ್ಕೆ ಕುಗ್ಗಿಸಿತು. ಜುಲೈನಲ್ಲಿ ಮಲೇಷ್ಯಾ ಹನ್ನೆರಡರಿಂದ ಒಂಬತ್ತು ವಾರಕ್ಕೆ ಇಳಿಸಿತು. ಕ್ಲಾಂಗ್ ಕಣಿವೆಯ ಆಸ್ಪತ್ರೆಗಳು ಆಗ ತುಂಬಿ ತುಳುಕುತ್ತಿದ್ದವು.

ಹೀಗೆ ಅಂತರವನ್ನು ನಿರ್ಧರಿಸುವುದು ಮೂರು ಸಂಗತಿಗಳು: ದೇಹ ಪಕ್ವವಾಗಲು ಬೇಕಾದ ಕಾಲ, ಊರಿನಲ್ಲಿ ರೋಗದ ಹಾವಳಿ, ಕೈಯಲ್ಲಿರುವ ಮದ್ದು. ಮದ್ದು ಕಡಿಮೆ ಇದ್ದಾಗ ಹೆಚ್ಚು ಜನರಿಗೆ ಒಂದೊಂದು ಡೋಸ್ ಸಿಗಲಿ ಎಂಬುದೂ ನ್ಯಾಯವಾದ ಕಾರಣವೇ. ಆದರೆ ಅದನ್ನು ಬಾಯಿಬಿಟ್ಟು ಹೇಳಬೇಕು. ಭಾರತದಲ್ಲಿ ಈ ನಿರ್ಧಾರ ಕೇವಲ ವಿಜ್ಞಾನದ್ದೆಂದು ಸರಕಾರ ಹೇಳಿತು. ಸಲಹಾ ಮಂಡಲಿಯ ಕೆಲವು ಸದಸ್ಯರು ಎಂಟರಿಂದ ಹನ್ನೆರಡು ವಾರಕ್ಕೆ ಮಾತ್ರ ತಮ್ಮ ಒಪ್ಪಿಗೆ ಇತ್ತೆಂದು ಜೂನ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಗೆ ಹೇಳಿದರು. ಅದೇ ಜೂನ್ 7ರಂದು ಓದಿಗೆ, ಕೆಲಸಕ್ಕೆ ವಿದೇಶಕ್ಕೆ ಹೋಗುವವರು 28 ದಿನಕ್ಕೇ ಎರಡನೆಯ ಡೋಸ್ ಪಡೆಯಬಹುದೆಂಬ ಸುತ್ತೋಲೆ ಬಂತು. “ಪರದೇಶಕ್ಕ ಹೋಗೋರ ಮೈ ಬ್ಯಾರೆ ಐತೇನು?” ಎಂದು ಅವ್ವ ಕೇಳಿದಾಗ ನಾನು ನಕ್ಕು ಸುಮ್ಮನಾದೆ. ಜನರಲ್ಲಿ ಸಂಶಯ ಹುಟ್ಟುವುದು ಇಂಥ ಬಿರುಕುಗಳಲ್ಲಿ. ಮುಂದೆ 2022ರ ಮಾರ್ಚ್‌ನಲ್ಲಿ ಸಲಹಾ ಮಂಡಲಿಯೇ ಎಂಟರಿಂದ ಹದಿನಾರು ವಾರವೆಂದು ಸಡಿಲಿಸಲು ಶಿಫಾರಸು ಮಾಡಿತು.

ನಮ್ಮ ಮೂರು ವಾರದ ಫೈಜರ್ ಕಥೆಯೂ ಹೀಗೆಯೇ. ಅದರ ಮೂಲ ಪ್ರಯೋಗ ನಡೆದದ್ದು 21 ದಿನದ ಅಂತರದಲ್ಲಿ. ಹೆಚ್ಚು ಅಂತರವಾದರೆ ಹೇಗೆ ಎಂಬ ಲೆಕ್ಕ ಆಗ ಕೈಯಲ್ಲಿರಲಿಲ್ಲ. ಅಂತರ ಹೆಚ್ಚಿಸಿದರೆ ರಕ್ಷಣೆ ಬಲವಾಗುತ್ತದೆ, ಹರೆಯದ ಗಂಡುಮಕ್ಕಳಲ್ಲಿ ವಿರಳವಾಗಿ ಕಂಡ ಹೃದಯಸ್ನಾಯುವಿನ ಉರಿಯೂತವೂ ತಗ್ಗುತ್ತದೆ ಎಂದು ಆಮೇಲೆ ತಿಳಿಯಿತು. 2022ರ ಫೆಬ್ರವರಿಯಲ್ಲಿ ಇಲ್ಲಿ 5ರಿಂದ 11 ವರ್ಷದ ನಮ್ಮ ಮಕ್ಕಳ ಸರದಿ ಬಂದಾಗ ಎಂಟು ವಾರದ ಅಂತರ ಕೊಟ್ಟದ್ದು ತಂದೆತಾಯಂದಿರಿಗೆ ನೆನಪಿರಬಹುದು. ಒಂದೇ ವರ್ಷದಲ್ಲಿ ತಿಳಿವಳಿಕೆ ಅಷ್ಟು ಬೆಳೆದಿತ್ತು.

ಅಂಜಿಕೆ ಮತ್ತು ಆತುರ ಎರಡನ್ನೂ ನಾವು ಇಲ್ಲಿಯೇ ಕಂಡಿದ್ದೇವೆ. ರಕ್ತ ಹೆಪ್ಪುಗಟ್ಟುವ ಸುದ್ದಿ ಹಬ್ಬಿದ ಮೇಲೆ, 2021ರ ಏಪ್ರಿಲ್ ಕೊನೆಯಲ್ಲಿ ಮಲೇಷ್ಯಾ ಸರಕಾರ ಆಸ್ಟ್ರಾಜೆನೆಕಾವನ್ನು ಮುಖ್ಯ ಕಾರ್ಯಕ್ರಮದಿಂದ ತೆಗೆದು, ಇಷ್ಟವಿದ್ದವರಿಗೆ ಮಾತ್ರ ಎಂದಿತು. ಮೇ 2ರಂದು ಹೆಸರು ನೋಂದಣಿ ತೆರೆದಾಗ ಎರಡೂವರೆ ಲಕ್ಷಕ್ಕೂ ಹೆಚ್ಚು ಸರದಿಗಳು ಕೆಲವೇ ಗಂಟೆಗಳಲ್ಲಿ ಮುಗಿದವು. ನಮ್ಮ ಪಕ್ಕದ ಮಲಯಾ ವಿಶ್ವವಿದ್ಯಾಲಯವೂ ಆ ಕೇಂದ್ರಗಳಲ್ಲಿ ಒಂದಾಗಿತ್ತು. ಅಪಾಯ ಇಷ್ಟು, ಲಾಭ ಇಷ್ಟು, ನಿರ್ಧಾರ ನಿಮ್ಮದು ಎಂದು ಬಿಚ್ಚಿ ಹೇಳಿದಾಗ ಜನ ಓಡಿಹೋಗಲಿಲ್ಲ, ಸಾಲು ನಿಂತರು.

ಕಾಯಿಲೆ ಹೋದ ಮೇಲೆ ಉಳಿಯುವುದು

ಎರಡನೆಯ ಪ್ರಶ್ನೆ ದೀರ್ಘ ಪರಿಣಾಮದ್ದು. ಜ್ವರ ಬಿಟ್ಟ ಮಾತ್ರಕ್ಕೆ ಕಾಯಿಲೆ ಬಿಟ್ಟಿತೆಂದಲ್ಲ. 2006ರ ಚಿಕುನ್‌ಗುನ್ಯಾ ಕಾಲದಲ್ಲಿ ಕರ್ನಾಟಕದಲ್ಲಿದ್ದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮೂರು ದಿನದ ಜ್ವರ, ತಿಂಗಳುಗಟ್ಟಲೆ ಕೀಲುನೋವು. ಮಲೇಷ್ಯಾದಲ್ಲಿ ಇದಕ್ಕಿಂತ ಗಂಭೀರ ಉದಾಹರಣೆಯಿದೆ. 1998–99ರಲ್ಲಿ ಹಂದಿ ಸಾಕುವವರಲ್ಲಿ ಮಿದುಳು ಜ್ವರ ಹಬ್ಬಿತು. ಮೊದಲು ಜಪಾನಿ ಮಿದುಳು ಜ್ವರವೆಂದು ತಿಳಿದು ಸೊಳ್ಳೆಗೆ ಹೊಗೆ ಹಾಕಿ, ಅದರ ಲಸಿಕೆಯನ್ನೂ ಕೊಟ್ಟರು. ರೋಗ ನಿಲ್ಲಲಿಲ್ಲ. 1999ರ ಮಾರ್ಚ್‌ನಲ್ಲಿ ಮಲಯಾ ವಿಶ್ವವಿದ್ಯಾಲಯದ ಡಾ. ಚುವಾ ಕಾವ್ ಬಿಂಗ್ ಹೊಸ ವೈರಸ್ಸನ್ನು ಗುರುತಿಸಿದರು. ನೆಗೆರಿ ಸೆಂಬಿಲಾನ್‌ನ ಒಂದು ಹಳ್ಳಿಯಿಂದ ಅದಕ್ಕೆ ನಿಪಾ ಎಂಬ ಹೆಸರು ಬಂತು. 265 ಮಂದಿಗೆ ರೋಗ, 105 ಸಾವು.

ಅಲ್ಲಿಗೆ ಕಥೆ ಮುಗಿಯಲಿಲ್ಲ. ಅದೇ ವಿಶ್ವವಿದ್ಯಾಲಯದ ವೈದ್ಯರು ಬದುಕುಳಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಮಿದುಳು ಜ್ವರದಿಂದ ಗುಣವಾದ ಸುಮಾರು 160 ಮಂದಿಯಲ್ಲಿ 12 ಮಂದಿಗೆ ಅದು ಮರುಕಳಿಸಿತ್ತು. ಮೊದಲು ಮಿದುಳಿನ ತೊಂದರೆಯೇ ಕಾಣದಿದ್ದ 89 ಮಂದಿಯಲ್ಲಿ ಮೂವರಿಗೆ ತಡವಾಗಿ ಕಾಣಿಸಿಕೊಂಡಿತ್ತು. ಗುಣವಾದಿರಿ, ಮನೆಗೆ ಹೋಗಿ ಎಂದು ಕೈಬಿಟ್ಟಿದ್ದರೆ ಇದು ಎಂದಿಗೂ ತಿಳಿಯುತ್ತಿರಲಿಲ್ಲ.

ಕೋವಿಡ್‌ನ ದೀರ್ಘ ಪರಿಣಾಮಕ್ಕೆ ಹೆಸರಿಟ್ಟವರು ವೈದ್ಯರಲ್ಲ, ರೋಗಿಗಳು. ಲಾಂಗ್ ಕೋವಿಡ್ ಎಂಬ ಮಾತು 2020ರಲ್ಲಿ ಅವರ ನಡುವೆಯೇ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್ 6ರಂದು ಅದರ ವ್ಯಾಖ್ಯೆ ಕೊಟ್ಟಿತು: ಸಾಮಾನ್ಯವಾಗಿ ಸೋಂಕಿನ ಮೂರು ತಿಂಗಳ ಹೊತ್ತಿಗೆ ಇರುವ, ಕನಿಷ್ಠ ಎರಡು ತಿಂಗಳು ಬಾಳುವ, ಬೇರೆ ರೋಗದಿಂದ ವಿವರಿಸಲಾಗದ ತೊಂದರೆಗಳು. ಸುಸ್ತು, ಉಸಿರುಕಟ್ಟು, ಮಂಕು ಕವಿದ ನೆನಪು ಮುಖ್ಯ ಲಕ್ಷಣಗಳು. ಸೋಂಕು ತಗುಲಿದ ನೂರರಲ್ಲಿ ಸುಮಾರು ಆರು ಮಂದಿಗೆ ಇದು ಬರುತ್ತದೆಂದು ಆ ಸಂಸ್ಥೆಯ ಅಂದಾಜು. ಲಸಿಕೆ ಪಡೆದವರಲ್ಲಿ ಇದರ ಸಂಭವ ಕಡಿಮೆ ಎಂದು ಅನೇಕ ಅಧ್ಯಯನಗಳು ಹೇಳಿವೆ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮವರೇ ಆದ ತರುಣರೊಬ್ಬರು, ಮೊದಲು ಬಟು ಗುಹೆಯ 272 ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಏರುತ್ತಿದ್ದವರು, ಮನೆಯ ಮಹಡಿ ಹತ್ತಲೂ ಆಗದೆ ಬಂದರು. ರಕ್ತ, ಎಕ್ಸ್‌ರೇ, ಇಸಿಜಿ ಎಲ್ಲವೂ ಸರಿಯಿದ್ದವು. “ಎಲ್ಲ ನಾರ್ಮಲ್ ಇದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದು ಕಳಿಸಿದೆ. ನಾಲ್ಕು ತಿಂಗಳ ಮೇಲೆ ಅವರ ಹೆಂಡತಿ ಬಂದು, “ನೀವೂ ನಂಬಲಿಲ್ಲ ಅಂತ ಅವರು ಆಮೇಲೆ ಯಾರ ಹತ್ತಿರವೂ ಹೋಗಲಿಲ್ಲ ಸರ್” ಎಂದರು. ಶ್ರಮವನ್ನು ಹಂಚಿಕೊಂಡು, ಮೆಲ್ಲಮೆಲ್ಲನೆ ನಡಿಗೆ ಹೆಚ್ಚಿಸಿ, ವರ್ಷದ ಮೇಲೆ ಅವರು ಬಹುಮಟ್ಟಿಗೆ ಚೇತರಿಸಿಕೊಂಡರು. ಪರೀಕ್ಷೆಯಲ್ಲಿ ಕಾಣದ್ದೆಲ್ಲ ಇಲ್ಲವೆಂದು ಹೇಳುವ ಹಕ್ಕು ನನಗಿರಲಿಲ್ಲ.

ಹಾಸನದ ದಿಗಿಲು

ಲಸಿಕೆಯೇ ದೀರ್ಘಕಾಲದ ಕೇಡು ಮಾಡುತ್ತದೆಯೇ? 2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಬಂದಾಗ ಈ ಪ್ರಶ್ನೆ ಮನೆಮನೆಯಲ್ಲೂ ಎದ್ದಿತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಇಲ್ಲಿಯೂ ನನಗೆ ಬಂದ ಫೋನುಗಳಿಗೆ ಲೆಕ್ಕವಿಲ್ಲ.

ರಾಜ್ಯ ಸರಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಾಣಲಿಲ್ಲವೆಂದು ಸಮಿತಿ ಹೇಳಿತು. ಇದಕ್ಕೂ ಮೊದಲು 2023ರಲ್ಲಿ ಐಸಿಎಂಆರ್ 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ ತರುಣರ ಹಠಾತ್ ಸಾವುಗಳನ್ನು ಪರಿಶೀಲಿಸಿತ್ತು. ಲಸಿಕೆ ಆ ಅಪಾಯವನ್ನು ಹೆಚ್ಚಿಸಿರಲಿಲ್ಲ. ಹೆಚ್ಚಿಸಿದವು ಬೇರೆ: ಮನೆತನದಲ್ಲಿ ಇಂಥ ಸಾವು, ವಿಪರೀತ ಕುಡಿತ, ಮೈಮುರಿಯುವ ಹಠಾತ್ ಶ್ರಮ, ಮತ್ತು ಕೋವಿಡ್‌ನಿಂದಾಗಿ ಆಸ್ಪತ್ರೆ ಸೇರಿದ ಇತಿಹಾಸ. ಕೊನೆಯದನ್ನು ಗಮನಿಸಿರಿ. ಲಸಿಕೆಯ ಮೇಲೆ ನೆಟ್ಟ ನಮ್ಮ ಕಣ್ಣು ರೋಗದ ಮೇಲೆ ಬೀಳಲೇ ಇಲ್ಲ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಎಂಬ ಗಾದೆ ನಮ್ಮಲ್ಲಿದೆ. ಊರಿಗೆ ಊರೇ ಲಸಿಕೆ ಹಾಕಿಸಿಕೊಂಡ ಮೇಲೆ, ಮುಂದೆ ಯಾರು ಸತ್ತರೂ ಅವರು ಲಸಿಕೆ ಹಾಕಿಸಿಕೊಂಡವರೇ ಆಗಿರುತ್ತಾರೆ. ಹಾಗೆಂದು ಲಸಿಕೆಗೆ ದೋಷವೇ ಇಲ್ಲ ಎನ್ನಲಾರೆ. ಆಸ್ಟ್ರಾಜೆನೆಕಾದಿಂದ ರಕ್ತ ಹೆಪ್ಪುಗಟ್ಟಿ ಸತ್ತವರುಂಟು. ಲಕ್ಷಕ್ಕೆ ಒಂದೆರಡರಷ್ಟು ಎಂದರೂ ಆ ಮನೆಗೆ ಅದು ಪೂರ್ತಿ ನಷ್ಟವೇ. ಆದರೆ ಆ ತೊಂದರೆ ಬರುವುದು ಸಾಮಾನ್ಯವಾಗಿ ಡೋಸ್ ಆದ 4ರಿಂದ 42 ದಿನಗಳೊಳಗೆ. ಕಂಪನಿ 2024ರಲ್ಲಿ ನ್ಯಾಯಾಲಯದ ಕಾಗದಗಳಲ್ಲಿ ಇದನ್ನು ಒಪ್ಪಿಕೊಂಡ ಸುದ್ದಿ ಬಂದಾಗ, ಮೂರು ವರ್ಷದ ಹಿಂದೆ ಹಾಕಿಸಿಕೊಂಡವರು ದಿಗಿಲುಬಿದ್ದರು. ಅವರಿಗೆ ಆ ಅಪಾಯದ ಕಾಲ ಎಂದೋ ಕಳೆದಿತ್ತು.

ಮುಗಿಸುವ ಮುನ್ನ

ಪ್ರಿಯ ಓದುಗರೇ, ಇಷ್ಟು ದೂರದ ಇತಿಹಾಸ ಹೇಳಿದ್ದು ಒಂದೇ ಮಾತಿಗಾಗಿ. ಲಸಿಕೆಯ ವೇಳಾಪಟ್ಟಿ ವೇದವಾಕ್ಯವಲ್ಲ. ಅದು ಆ ದಿನದ ತಿಳಿವಳಿಕೆಯ ಲೆಕ್ಕ. ಹೊಸ ಲೆಕ್ಕ ಬಂದಾಗ ತಾರೀಖು ಬದಲಾಗುವುದು ಮೋಸವಲ್ಲ. ಏಕೆ ಬದಲಾಯಿತೆಂದು ಹೇಳದಿರುವುದು ಮಾತ್ರ ತಪ್ಪು. ಸರಕಾರಕ್ಕೂ ಈ ಮಾತು ಸಲ್ಲುತ್ತದೆ, ನನ್ನಂಥ ವೈದ್ಯರಿಗೂ ಸಲ್ಲುತ್ತದೆ.

ತಾವು ಮಾಡಬಹುದಾದದ್ದೂ ಇದೆ. ಮನೆಮಂದಿಯೆಲ್ಲರ ಲಸಿಕೆಯ ಹೆಸರು, ತಾರೀಖುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಫೋನು ಬದಲಾದರೆ ಆ್ಯಪ್ ಹೋದೀತು, ಪುಸ್ತಕ ಹೋಗದು. ಕೋವಿಡ್ ಎಂದು ಬಂದಿತ್ತು, ಆಸ್ಪತ್ರೆ ಸೇರಿದ್ದಿರಾ ಎಂಬುದನ್ನೂ ಬರೆಯಿರಿ. ತಿಂಗಳುಗಟ್ಟಲೆ ಸುಸ್ತಿದ್ದರೆ ಕೋವಿಡ್ ಎಂದು ತಾವೇ ತೀರ್ಮಾನಿಸದೆ ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ಹೃದಯ ಪರೀಕ್ಷೆ ಮಾಡಿಸಿ. ಎಲ್ಲವೂ ಸರಿಯಿದೆ ಎಂದು ವೈದ್ಯರು ಹೇಳಿದ ಮೇಲೂ ಸುಸ್ತು ಉಳಿದರೆ ಸಂಕೋಚವಿಲ್ಲದೆ ಮತ್ತೆ ಹೋಗಿ ಕೇಳಿ.

ಮಲೇಷ್ಯಾದ ಗಡಿ 2022ರ ಏಪ್ರಿಲ್ 1ರಂದು ತೆರೆಯಿತು. ಎರಡು ವರ್ಷಗಳ ಮೇಲೆ ಊರಿಗೆ ಹೋದಾಗ ಅವ್ವ ಟ್ರಂಕಿನಿಂದ ಆ ಚೀಟಿ ತೆಗೆದು ತೋರಿಸಿದಳು. ಎರಡು ತಾರೀಖುಗಳ ಮೇಲೆ ಗೀಟು, ಮೂರನೆಯದರ ಪಕ್ಕದಲ್ಲಿ ಮುದ್ರೆ. “ಮದ್ದು ಇದ್ದಿದ್ದಿಲ್ಲ ಅವ್ವಾ, ಕಾದರೂ ಚಲೋನ ಇತ್ತು. ಎರಡೂ ಖರೇ. ನಿನಗ ಆಗ ಅರ್ಧಾನ ಹೇಳಿದೆ,” ಎಂದೆ. “ಅಷ್ಟು ನನಗೂ ತಿಳಿದಿತ್ತು,” ಎಂದು ಚೀಟಿ ಮಡಚಿ ಒಳಗಿಟ್ಟಳು.

ಸಂಘದ ಎಲ್ಲ ಕುಟುಂಬಗಳಿಗೂ, ಊರಿನಲ್ಲಿರುವ ಹಿರಿಯರಿಗೂ ಆಯುರಾರೋಗ್ಯ ದೊರೆಯಲಿ. ಸಂಘ ನೂರ್ಕಾಲ ಬಾಳಲಿ.